ಅರ್ಧ ಮುಖದ ನೊರೆ

ಬ್ಲೇಡಿನ ಪೊಟ್ಟಣ ಬಿಚ್ಚುವಾಗ ಎಂಥ ಅವಸರದ ಮನುಷ್ಯನೂ ನಿಧಾನಿಯಾಗುತ್ತಾನೆ, ನೀವೂ ಗಮನಿಸಿರಬಹುದು. ಬಸ್ಸು ತಪ್ಪುತ್ತಿದ್ದರೂ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ, ಮೇಣಗಾಗದದ ಆ ಮಡಿಕೆಗಳನ್ನು ಒಂದೊಂದಾಗಿ ತೆರೆದು, ಅಂಚು ಮುಟ್ಟದ ಹಾಗೆ ಎರಡು ತುದಿ ಹಿಡಿದು, ರೇಝರಿನ ತಲೆಯೊಳಗೆ ಅದನ್ನು ಕೂರಿಸಿ ಹಿಡಿಯನ್ನು ತಿರುಗಿಸಿ ಬಿಗಿಮಾಡುವವರೆಗೆ ಅವನಿಗೆ ಲೋಕದ ಪರಿವೆಯಿರುವುದಿಲ್ಲ. ಧ್ಯಾನವೆಂದು ಪುಸ್ತಕಗಳಲ್ಲಿ ಓದಿದ್ದು ನನಗೆ ಒದಗಿದ್ದು ಬಚ್ಚಲುಮನೆಯಲ್ಲಿ ಮಾತ್ರ. ಆ ಹೊತ್ತಿನಲ್ಲಿ ಮನೆಯವರು ಆಡಿದ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ಇದನ್ನು ನಾನು ಬಹಳ ಕಾಲ ಏಕಾಗ್ರತೆ ಎಂದು ಕರೆಯುತ್ತಿದ್ದೆ.

ಹೊನ್ನಾವರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತ ನಿವೃತ್ತಿಯ ಅಂಚಿಗೆ ಬಂದವನು ನಾನು. ನನ್ನ ಇತಿಹಾಸಪಾಂಡಿತ್ಯವನ್ನು ಪರೀಕ್ಷೆಯ ಹಿಂದಿನ ದಿನವಲ್ಲದೆ ಯಾರೂ ವಿಚಾರಿಸಿದ್ದಿಲ್ಲ. ಕ್ಷೌರದ ವಿಷಯದಲ್ಲಿ ಮಾತ್ರ ಬಂಧುವರ್ಗದಲ್ಲಿ ನನಗೊಂದು ಪೀಠವಿದೆ. ಹಿಡಿ ಭಾರವಾಗಿರಬೇಕು, ಕೈ ಒತ್ತಬಾರದು, ತೂಕವೇ ಕೆಲಸ ಮಾಡಬೇಕು, ಬಾಚಣಿಗೆಯಂತೆ ಹಲ್ಲಿರುವ ರೇಝರಿನ ತಲೆ ದಟ್ಟ ಗಡ್ಡಕ್ಕೆ, ಹಲ್ಲಿಲ್ಲದ ನಯವಾದ ಅಂಚಿನದು ಹೊಸಬರಿಗೆ, ಮೊದಲು ಕೂದಲು ಮಲಗಿದ ದಿಕ್ಕಿಗೆ, ಆಮೇಲೆ ಅಡ್ಡಕ್ಕೆ, ಧೈರ್ಯವಿದ್ದರೆ ಎದುರಿಗೆ, ನೊರೆ ಒಣಗಬಾರದು, ಎಲ್ಲಕ್ಕಿಂತ ಮುಖ್ಯವಾಗಿ, ಹರಿತವಾದದ್ದಕ್ಕಿಂತ ಮೊಂಡಾದದ್ದೇ ಹೆಚ್ಚು ಕೊಯ್ಯುತ್ತದೆ. ಈ ಸೂತ್ರಗಳನ್ನು ಮದುವೆ ಮನೆಯ ಪಂಕ್ತಿಯಲ್ಲೂ ಹೇಳಬಲ್ಲೆ, ಹೇಳಿ ಬೈಸಿಕೊಂಡಿದ್ದೇನೆ.

ಆದ್ದರಿಂದ ಅಕ್ಕನ ಮಗ ಪ್ರಸನ್ನ ಒಂದು ಸೇಫ್ಟಿ ರೇಝರು ಆರಿಸಿಕೊಡಿ ಮಾವ ಎಂದು ಫೋನು ಮಾಡಿದಾಗ ನಾನು ಹಿಗ್ಗಿದ್ದು ಸಹಜ. ಅವನು ಭಟ್ಕಳದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾನೆ, ಹೆಬಳೆಯಲ್ಲಿ ಬಾಡಿಗೆ ಮನೆ. ಹೆಂಡತಿ ಶ್ವೇತಾಳಿಗೆ ಆಗ ಏಳನೆಯ ತಿಂಗಳು. ಬಸುರಿಯ ಗಂಡ ಕ್ಷೌರ ಮಾಡಿಸಿಕೊಳ್ಳಬಾರದೆಂಬುದು ನಮ್ಮ ಮನೆಯ ಪದ್ಧತಿಯಾದ್ದರಿಂದ ಅವನ ಗಡ್ಡ ಎದೆಗಿಳಿಯುವ ಸನ್ನಾಹದಲ್ಲಿತ್ತು. ಕೌಂಟರಿನಲ್ಲಿ ಅರ್ಧ ಜನ ಶಬರಿಮಲೆಗೆ ಯಾವಾಗ ಹೊರಡುವುದೆಂದು ಕೇಳುತ್ತಿದ್ದರಂತೆ. ಒಬ್ಬ ವೃದ್ಧ ನವಾಯತ ಮುಸ್ಲಿಮರು ಪ್ರೀತಿಯಿಂದ, ಗಡ್ಡ ಚೆನ್ನಾಗಿದೆ, ಸ್ವಲ್ಪ ಎಣ್ಣೆ ಹಚ್ಚಿದರೆ ಇನ್ನೂ ಚೆನ್ನ ಎಂದು ಸಲಹೆಯಿತ್ತರಂತೆ. ಸೆಖೆಗೆ ಕುತ್ತಿಗೆಯೆಲ್ಲ ಬೆವರುಸಾಲೆ. ತೆಗೆದುಬಿಡುವುದೆಂದು ಅವನು ನಿಶ್ಚಯಿಸಿದ್ದ. ಕ್ಷೌರದಂಗಡಿಗೆ ಹೋದರೆ ಸುದ್ದಿ ಕುಮಟೆಯಲ್ಲಿರುವ ತಾಯಿಗೆ ಸಂಜೆಯೊಳಗೆ ಮುಟ್ಟುತ್ತದೆ, ಅದಕ್ಕೇ ಸ್ವಂತ ರೇಝರು.

ಈ ಪದ್ಧತಿಯ ಬಗ್ಗೆ ಒಂದು ಮಾತು. ಹಳಬರ ಪಟ್ಟಿಯಲ್ಲಿ ಬಸುರಿಯ ಗಂಡ ಮಾಡಬಾರದ್ದು ಹಲವಿದ್ದವು: ಕ್ಷೌರ ಕೂಡದು, ಹೆಣ ಹೊರಕೂಡದು, ಸಮುದ್ರಕ್ಕೆ ಇಳಿಯಕೂಡದು. ನಮ್ಮದು ಎರಡು ದೋಣಿಯ ಮೀನು ವ್ಯಾಪಾರದ ಮನೆ. ಮೂರನೆಯದನ್ನು ಪಾಲಿಸಿದ್ದರೆ ಪ್ರತಿ ಹೆರಿಗೆಗೂ ಒಲೆ ಆರಬೇಕಿತ್ತು. ಹಾಗಾಗಿ ಸಮುದ್ರದ ಮಾತು ಯಾವಾಗಲೋ ಸದ್ದಿಲ್ಲದೆ ಪಟ್ಟಿಯಿಂದ ಬಿದ್ದುಹೋಗಿತ್ತು. ಗಡ್ಡದಿಂದ ಯಾರ ಊಟಕ್ಕೂ ಅಡ್ಡಿಯಿಲ್ಲವಾದ್ದರಿಂದ ಅದು ಉಳಿಯಿತು. ಎಂ.ಎ. ಮುಗಿಸಿ ಬಂದ ಹೊಸದರಲ್ಲಿ ಈ ತರ್ಕವನ್ನು ನಮ್ಮ ಆಯಿಯ, ಅಂದರೆ ತಾಯಿಯ, ಮುಂದೆ ಮಂಡಿಸಿ ನಾನು ಗೆದ್ದಿದ್ದೆ. ಗೆದ್ದೆ ಎಂದುಕೊಂಡಿದ್ದೆ.

ಶನಿವಾರ ಮಧ್ಯಾಹ್ನ ಭಟ್ಕಳ ಪೇಟೆಯ ಒಂದು ಫಾರಿನ್ ಸಾಮಾನಿನ ಅಂಗಡಿಗೆ ಹೋದೆವು. ಅತ್ತರು, ಬಾದಾಮಿ, ಗಲ್ಫಿನ ಸೋಪುಗಳ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಐದಾರು ದೇಶಗಳ ಬ್ಲೇಡುಗಳಿದ್ದವು. ನಾನು ಅಧ್ಯಾಪಕನ ಠೀವಿಯಲ್ಲಿ ಒಂದು ಜಪಾನಿನ ಪೊಟ್ಟಣಕ್ಕೆ ಕೈಹಾಕಿದೆ. ಅಂಗಡಿಯವರು ನನ್ನ ಕೈಯಿಂದ ಅದನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟರು. "ಇದು ಬಹುತ್ ತೇಜ್ ಸರ್, ನಿಮ್ಮಂಥವರಿಗೆ. ಹುಡುಗನ ಕೈ ಇನ್ನೂ ಕಚ್ಚಾ. ಟರ್ಕಿದು ತಕೊಳ್ಳಿ, ಮಾಫಿ ಉಂಟು ಅದರಲ್ಲಿ," ಎಂದರು. ತಪ್ಪಿದರೂ ಮನ್ನಿಸುವ ಬ್ಲೇಡು! ಇಷ್ಟು ವರ್ಷ ಕ್ಷೌರಶಾಸ್ತ್ರ ಬೋಧಿಸಿದ ನನಗೆ ಆ ಶಬ್ದ ಹೊಳೆದಿರಲಿಲ್ಲ. ಹಲ್ಲಿಲ್ಲದ ತಲೆಯ, ತೂಕದ ಹಿಡಿಯ ಒಂದು ರೇಝರು, ಟರ್ಕಿಯ ಬ್ಲೇಡಿನ ಒಂದು ಪೊಟ್ಟಣ, ಒಂದು ಬ್ರಶ್ಶು, ಪಟಿಕದ ಒಂದು ಹರಳು ಕಟ್ಟಿಸಿಕೊಂಡೆವು. ಮರುದಿನ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬರುವುದು, ನಾನು ಕೈಹಿಡಿದು ಕಲಿಸುವುದು ಎಂದಾಯಿತು.

ನಾನು ಹೊನ್ನಾವರಕ್ಕೆ ಮರಳಿ ಚಹಾ ಕುಡಿಯುವಷ್ಟರಲ್ಲಿ ಅಕ್ಕನ ಫೋನು. ಸುದ್ದಿ ಹೇಗೆ ಮುಟ್ಟಿತೋ. ಮೊದಲು ಇಡಗುಂಜಿ ದೇವರಿಗೆ ಹೇಳಿಕೊಂಡ ಹರಕೆಯ ಮಾತು, ಆಮೇಲೆ ಮಗನ ಹಟದ ಮಾತು. ಕೊನೆಗೆ ಅವಳ ದನಿ ತಗ್ಗಿತು.

"ಅವನ ಕೈಗೆ ರೇಝರ್ ಕೊಟ್ರೆ ನಿನ್ನ ಹೊಸ್ಲು ತುಳಿಯೂದಿಲ್ಲ ನಾನು. ನಿಂದು ಆದದ್ದು ಸಾಕಾಗ್ಲಿಲ್ವನಾ ತಮಾ?"

ನಂದು ಆದದ್ದು ಇಷ್ಟು. ಇಪ್ಪತ್ತೇಳು ವರ್ಷದ ಹಿಂದೆ ನನ್ನ ಹೆಂಡತಿ ಸುಮಿತ್ರೆಗೆ ಎಂಟು ತಿಂಗಳಾಗಿದ್ದಾಗ ನಾನು ಅಪ್ಪನ ಹಳೆಯ ಸೇಫ್ಟಿ ರೇಝರಿನಲ್ಲಿ ಗಡ್ಡ ತೆಗೆದೆ. ಮರುದಿನ ಮಗು ಹೊಟ್ಟೆಯಲ್ಲೇ ತೀರಿಹೋಗಿದೆಯೆಂದು ತಿಳಿಯಿತು. ಹೆಣ್ಣು. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಆಯಿ ಒಂದು ಮಾತೂ ಬೈಯಲಿಲ್ಲ; ಆ ರೇಝರನ್ನು ಬಟ್ಟೆಯಲ್ಲಿ ಸುತ್ತಿ ಎಲ್ಲಿಗೋ ಒಯ್ದಳು, ಮತ್ತೆ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಬಂಧುಗಳೆಲ್ಲ ಕಾರಣವನ್ನು ನಿರ್ಧರಿಸಿಯಾಗಿತ್ತು.

ಅದಕ್ಕೆ ನನ್ನ ಬಳಿ ಉತ್ತರವಿತ್ತು, ಇಷ್ಟು ವರ್ಷ ಅದನ್ನೇ ಹೇಳುತ್ತ ಬಂದಿದ್ದೇನೆ. ಕೂದಲಿಗೂ ಕೂಸಿಗೂ ಸಂಬಂಧವಿಲ್ಲ, ಇದು ಒಂದು. ಮರುದಿನ ಧಾರವಾಡದಲ್ಲಿ ಕೆಲಸದ ಸಂದರ್ಶನವಿತ್ತು, ಗಡ್ಡ ಬಿಟ್ಟುಕೊಂಡು ಹೋಗುವಂತಿರಲಿಲ್ಲ, ಇದು ಎರಡು. ಭಾನುವಾರ ಬೆಳಿಗ್ಗೆ ಅಂಗಳದ ಕಂಬಕ್ಕೆ ಕನ್ನಡಿ ತೂಗುಹಾಕಿದ್ದು, ಸೋಪಿನ ವಾಸನೆ, ಆಯಿ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತದ್ದು, ಎಲ್ಲ ನನಗೆ ಚಿತ್ರದಂತೆ ನೆನಪಿದೆ. ಅಕ್ಕನ ಬಾಯಿ ಮುಚ್ಚಿಸಲು ದಾಖಲೆಯೊಂದು ಸಿಕ್ಕೀತೆಂದು ಅಂದು ಸಂಜೆ ಅಟ್ಟದಿಂದ ಆ ವರ್ಷದ ಡೈರಿಯನ್ನು ಇಳಿಸಿದೆ. ವಿದ್ಯಾರ್ಥಿಗಳಿಗೆ ಹೇಳುವುದು ಅದನ್ನೇ ಅಲ್ಲವೇ, ಕಾಗದ ನೋಡಿ, ಕತೆ ನಂಬಬೇಡಿ ಎಂದು.

ಅದು ಭಾನುವಾರವಲ್ಲ, ಮಂಗಳವಾರ. ಧಾರವಾಡದ ಸಂದರ್ಶನದ ಪತ್ರ ಬಂದದ್ದೇ ಮೂರು ವಾರಗಳ ನಂತರ. ಆ ಮಂಗಳವಾರದ ಪುಟದಲ್ಲಿ ನನ್ನದೇ ಕೈಬರಹದ ಮೂರು ಸಾಲು: ಆಯಿಯೊಡನೆ ವಾದ. ಇವತ್ತು ತೆಗೆದೇಬಿಟ್ಟೆ. ಹೊಸ ಬ್ಲೇಡು ಉತ್ತಮ, ಒಂದೂ ಗಾಯವಿಲ್ಲ.

ಸಂದರ್ಶನವನ್ನು ನಾನು ಯಾವಾಗ ಆ ದಿನಕ್ಕೆ ತಂದು ಅಂಟಿಸಿಕೊಂಡೆನೋ ತಿಳಿಯದು. ಬಹುಶಃ ಮೊದಲ ಸಲ ಯಾರಿಗೋ ಹೇಳುವಾಗ ಬಾಯಿತಪ್ಪಿ ಬಂದಿರಬೇಕು, ಎರಡನೆಯ ಸಲ ಅನುಕೂಲಕ್ಕೆ, ಮೂರನೆಯ ಸಲದಿಂದ ನೆನಪಾಗಿ. ಯಾವ ತುರ್ತೂ ಇರಲಿಲ್ಲ. ಒಬ್ಬ ಮುದುಕಿಯೊಡನೆ ವಾದ ಗೆಲ್ಲಲಿಕ್ಕೆ ಗಡ್ಡ ತೆಗೆದಿದ್ದೆ.

ಇದಿಷ್ಟೇ ಆಗಿದ್ದರೆ ನಕ್ಕು ಮುಚ್ಚಿಡಬಹುದಿತ್ತು. ನನ್ನನ್ನು ಕಾಡಿದ್ದು ಆ ಪುಟದಲ್ಲಿ ಇಲ್ಲದ್ದು. ನಾನು ಬ್ಲೇಡಿನ ಕಾಗದ ಬಿಚ್ಚುತ್ತಿದ್ದಾಗ ಸುಮಿತ್ರೆ ಹಿಂದಿನಿಂದ ಬಂದು, ನಿನ್ನೆ ರಾತ್ರಿಯಿಂದ ಮಗು ಅಲ್ಲಾಡ್ತಾ ಇಲ್ಲ ಎಂದಿದ್ದಳು ಎಂಬುದೊಂದು ನೆನಪು ನನಗಿದೆ. ಅಷ್ಟು ಹೊತ್ತಿಗೆ ಆಯಿಯದು ಎರಡು ಸುತ್ತಿನ ಶಕುನ, ಕೇಡು, ಶಾಸ್ತ್ರ ಎಲ್ಲ ಮುಗಿದಿತ್ತು. ಇದು ಮೂರನೆಯ ಸುತ್ತು, ಸೊಸೆಯ ಬಾಯಿಂದ ಹೇಳಿಸುತ್ತಿದ್ದಾಳೆ ಎಂದುಕೊಂಡೆ. ಗಡ್ಡ ನಿಲ್ಲಿಸಲು ಹೂಡಿದ ಹೊಸ ಉಪಾಯ ಎಂದುಕೊಂಡೆ. ಇದೊಂದು ಮುಗಿಸ್ಕಂಡು ಬರ್ತೆ ಎಂದೆ. ಮುಗಿಸಿದೆ, ದಿಕ್ಕಿಗೊಮ್ಮೆ, ಅಡ್ಡಕ್ಕೊಮ್ಮೆ, ಎದುರಿಗೊಮ್ಮೆ. ಆಮೇಲೆ ಗೆದ್ದವನ ಮುಖ ಹೊತ್ತು ಪೇಟೆಗೆ ಹೋದೆ. ಮರುದಿನ ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರರು ಯಾವಾಗಿನಿಂದ ಅಲ್ಲಾಡಿಲ್ಲ ಎಂದು ಕೇಳಿದಾಗ ಸುಮಿತ್ರೆ ನನ್ನ ಮುಖ ನೋಡಿದಳು. ಇವತ್ತು ಬೆಳಗಿನಿಂದ ಎಂದು ಉತ್ತರಿಸಿದವನು ನಾನು. ಅವಳು ತಿದ್ದಲಿಲ್ಲ. ಮುಂಚೆ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದ್ದಕ್ಕೆ ಡಾಕ್ಟರರು ಹೇಳಲಿಕ್ಕೆ ಬರುವುದಿಲ್ಲ ಎಂದರು. ಆ ಮಾತನ್ನು ಬಿಡುಗಡೆಯೆಂದು ಹಿಡಿದುಕೊಂಡೆ.

ಈಗ ನೋಡಿ, ಬಂಧುಗಳ ಆರೋಪ ನನಗೆಷ್ಟು ಉಪಕಾರ ಮಾಡಿತು. ಗಡ್ಡ ತೆಗೆದದ್ದರಿಂದ ಮಗು ಸತ್ತಿತು ಎಂದು ಅವರು ಅಂದಷ್ಟು ದಿನ, ಅಲ್ಲ ಎಂದು ನಾನು ಸಕಾರಣವಾಗಿ ವಾದಿಸಬಹುದಿತ್ತು. ಸುಳ್ಳು ಆರೋಪದ ವಿರುದ್ಧ ಬಾಗಿಲು ಕಾಯುವವನಿಗೆ ನಿಜವಾದದ್ದನ್ನು ಎದುರಿಸುವ ಪ್ರಸಂಗ ಬರುವುದಿಲ್ಲ.

ಆದರೆ ಧಾರವಾಡವನ್ನು ಹುಟ್ಟಿಸಿಕೊಂಡ ಮನಸ್ಸು ಇದನ್ನೂ ಹುಟ್ಟಿಸಿಕೊಂಡಿರಬಾರದೇಕೆ? ದುಃಖಿತರು ತಮ್ಮನ್ನು ಹೊಡೆದುಕೊಳ್ಳಲು ಕೋಲು ತಾವೇ ಕಡಿದುಕೊಳ್ಳುವುದುಂಟು. ಡೈರಿಯಲ್ಲಂತೂ ಅವಳ ಮಾತಿಲ್ಲ. ಬಲ್ಲವಳು ಒಬ್ಬಳೇ. ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವಳನ್ನು ಕೇಳಿರಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆಂಬ ಭಯ.

ಭಾನುವಾರ ಊಟಕ್ಕೆ ಮುಂಚೆ ಹಿತ್ತಲ ಕಟ್ಟೆಯ ಮೇಲೆ ಪಾಠ ಶುರುವಾಯಿತು. ಶ್ವೇತಾ ಮೆಟ್ಟಿಲ ಮೇಲೆ ಕಾಲುಚಾಚಿ ಕೂತಿದ್ದಳು, ಸುಮಿತ್ರೆ ಅಡುಗೆಮನೆಯ ಬಾಗಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಕತ್ತರಿಯಿಂದ ಗಡ್ಡವನ್ನು ಸಣ್ಣಗೆ ಮಾಡಿ, ಬಿಸಿನೀರಿನ ಬಟ್ಟೆ ಒತ್ತಿ, ನೊರೆ ಏಳಿಸಿ ಹಚ್ಚಿಯಾಗಿತ್ತು. ಪ್ರಸನ್ನ ಬ್ಲೇಡಿನ ಕಾಗದ ಬಿಚ್ಚುತ್ತ ನಿಂತುಬಿಟ್ಟ. ತಾಯಿ ಬೆಳಿಗ್ಗೆ ಅವನಿಗೂ ಫೋನು ಮಾಡಿದ್ದಳು.

"ಮಾವ, ಆಯಿ ಹೇಳೂದು ಖರೆಯಾ? ನಿಮ್ದು ಇದ್ರಿಂದಾನೇ ಆದದ್ದಾ?"

ಶ್ವೇತಾ ಕಾಲು ಒಳಗೆಳೆದುಕೊಂಡಳು. ಅವಳು ನನ್ನನ್ನು ನೋಡಿದ ರೀತಿಯಲ್ಲಿ ಕುತೂಹಲವಿರಲಿಲ್ಲ, ಹೆದರಿಕೆಯಿತ್ತು. ಅಲ್ಲವೆಂದು ಹೇಳುವುದು ಸುಲಭ, ನಿಜವೂ ಹೌದು. ಆದರೆ ಅಷ್ಟೇ ಹೇಳಿ ಬಿಟ್ಟರೆ ಇವನೂ ನನ್ನಂತೆ ಗೆದ್ದವನಾಗುತ್ತಾನೆ. ನನ್ನ ಬಾಯಿ, ಅಭ್ಯಾಸಬಲದಿಂದ, ಧಾರವಾಡದಲ್ಲಿ ಒಂದು ಸಂದರ್ಶನವಿತ್ತು ಎಂದು ಶುರುಮಾಡಿಯೇಬಿಟ್ಟಿತು. ಹಿಂದಿನ ದಿನವಷ್ಟೇ ಡೈರಿ ಓದಿದ ಬಾಯಿ!

ತುರಿಯುವ ಸದ್ದು ನಿಂತಿತು.

"ಗಡ್ಡ ತೆಗೆಯೂದು ಬಿಡೂದು ನಿನ್ನ ಖುಷಿ ಪ್ರಸನ್ನಾ. ಅದ್ರಿಂದ ಎಂತದೂ ಆಗೂದಿಲ್ಲ," ಎಂದಳು ಸುಮಿತ್ರೆ. ಅವಳು ತಲೆಯೆತ್ತಲಿಲ್ಲ. "ಮಗು ಅಲ್ಲಾಡ್ತಾ ಇಲ್ಲ ಅಂತ ಅವ್ಳು ಹೇಳಿದ್ರೆ ಮಾತ್ರ, ಅರ್ಧ ಮುಖ ಆಗಿದ್ರೂ ಹಂಗೇ ಒರೆಸ್ಕಂಡು ಏಳು. ಮುಗಿಸ್ಕಂಡು ಬರ್ತೆ ಅನ್ಬೇಡ."

ಮತ್ತೆ ತುರಿಯತೊಡಗಿದಳು. ಪ್ರಸನ್ನನಿಗೆ ಎಷ್ಟು ತಿಳಿಯಿತೋ, ಅವನು ಹೆಚ್ಚು ಕೇಳಲಿಲ್ಲ. ಗಡ್ಡ ತೆಗೆದ. ನಡುವೆ ಎರಡು ಸಲ ರೇಝರು ಕೆಳಗಿಟ್ಟು ಶ್ವೇತಾಳ ಕಡೆ ತಿರುಗಿದ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, ಇಲ್ಲೇ ಒದೀತಾ ಉಂಟು, ನೊರೆ ಒಣಗ್ತದೆ ಮಾಡ್ಕಳಿ ಎಂದು ನಕ್ಕಳು. ಗದ್ದದ ಕೆಳಗೆ ಒಂದು ಗಾಯವಾಯಿತು. ಪಟಿಕ ಒತ್ತಿದೆ.

ಅವರು ಹೋದ ಮೇಲೆ ಪಾತ್ರೆ ಒರೆಸುತ್ತಿದ್ದ ಅವಳ ಬಳಿ ನಿಂತು, ಅದು ನಾನು ಡೈರಿಯಲ್ಲಿ ಬರೆದಿರಲಿಲ್ಲ ಎಂದೆ. ಎಂಥ ಕ್ಷಮಾಪಣೆ! ಇಪ್ಪತ್ತೇಳು ವರ್ಷದ ಮೇಲೆ ನನ್ನಿಂದ ಹೊರಟದ್ದು ಒಂದು ಆಕರಸೂಚಿ. ಅವಳು ಪಾತ್ರೆಯನ್ನು ಬೋರಲಿಟ್ಟಳು.

"ನಂಗೆ ಬರ್ದು ಇಟ್ಕಳೂದು ಬೇಕಾಗ್ಲಿಲ್ಲ," ಎಂದಳು.

ಅಕ್ಕ ಹೇಳಿದಂತೆಯೇ ಮಾಡಿದ್ದಾಳೆ, ಹೊಸ್ತಿಲು ತುಳಿದಿಲ್ಲ. ಶ್ವೇತಾಳಿಗೆ ಈಗ ಎಂಟು ತುಂಬಿದೆ. ಪ್ರಸನ್ನ ಬ್ಯಾಂಕಿನಿಂದ ಮಧ್ಯಾಹ್ನವೂ ಫೋನು ಮಾಡಿ ವಿಚಾರಿಸುತ್ತಾನಂತೆ. ನಾನು ಕಾಯುತ್ತಿದ್ದೇನೆ. ನನ್ನ ಪೀಠವನ್ನು ತ್ಯಜಿಸಿದ್ದೇನೆ. ಯಾರಾದರೂ ಬ್ಲೇಡಿನ ಸಲಹೆ ಕೇಳಿದರೆ ಭಟ್ಕಳದ ಆ ಅಂಗಡಿಯ ದಾರಿ ಹೇಳುತ್ತೇನೆ.

ಈ ಬೆಳಿಗ್ಗೆ ನಾನೂ ಹೊಸ ಬ್ಲೇಡು ಬಿಚ್ಚಿದೆ. ಎಂದಿನಂತೆ ನಿಧಾನ, ಎಂದಿನಂತೆ ಮಡಿಕೆಗೆ ಮಡಿಕೆ. ಬಚ್ಚಲಿನ ಬಾಗಿಲನ್ನು ಮಾತ್ರ ಈಚೆಗೆ ಹಾಕಿಕೊಳ್ಳುವುದಿಲ್ಲ. ಎಡಗೆನ್ನೆ ಮುಗಿದಿತ್ತು. ಹೊರಗಿನಿಂದ ಸುಮಿತ್ರೆ ಒಮ್ಮೆ ಕರೆದಳು. ರೇಝರು ನೀರಿಗೆ ಬಿಟ್ಟು, ಬಲಗೆನ್ನೆಯ ನೊರೆಯೊಡನೆ ಹಾಗೆಯೇ ಅಂಗಳಕ್ಕೆ ಓಡಿದೆ. ಮೀನಿನ ಹೆಂಗಸು ಬುಟ್ಟಿ ಇಳಿಸಿದ್ದಳು. ಬಂಗಡೆ ಸಾಕೋ ಸಿಗಡಿಯೂ ಬೇಕೋ ಎಂದು ಕೇಳಲಿಕ್ಕೆ ಕರೆದದ್ದು. ನನ್ನ ಅವತಾರ ನೋಡಿ ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಮಿತ್ರೆ ನಗಲಿಲ್ಲ. ನನ್ನ ಎಡಗೆನ್ನೆ, ಬಲಗೆನ್ನೆ ಎರಡನ್ನೂ ಸ್ವಲ್ಪ ಹೊತ್ತು ನೋಡಿದಳು.

"ಮುಗಿಸ್ಕಂಡೇ ಬರ್ಬಹುದಾಗಿತ್ತು ನೀವು," ಎಂದಳು.