ಹಿತ್ತಿಲಿನ ಸೌದೆ ಮಿಷನ್ನು

ನನ್ನ ಗಂಡ ಬಾರ್ಕೂರಿನ ನಮ್ಮ ಹಿತ್ತಿಲಿನಲ್ಲಿ ಸೌದೆ ಸೀಳುವ ಮಿಷನ್ನು ಕಟ್ಟಿದ ವರ್ಷ, ದಿನಕ್ಕೊಂದು ಏನಾದರೂ ಒಡೆಯುತ್ತಿತ್ತು. ಹಳೆಯ ಟಿಲ್ಲರಿನ ಎಂಜಿನ್ನು, ಅದಕ್ಕೊಂದು ಬೆಲ್ಟು, ಆ ಬೆಲ್ಟಿನಿಂದ ತಿರುಗುವ ಉಕ್ಕಿನ ಮೊನೆ. ಮೊನೆಯನ್ನು ಬ್ರಹ್ಮಾವರದಲ್ಲಿ ಲೇತಿನಲ್ಲಿ ಕಡೆಸಿ ತಂದಿದ್ದರು: ಕ್ಯಾರೆಟ್ಟಿನ ಆಕಾರ, ಮೈತುಂಬ ತಿರುಪಿನ ಹಲ್ಲು. ಕೊರಡು ಒತ್ತಿದರೆ ಸಾಕು, ಕೊರೆದು ಒಳಹೊಕ್ಕು ಮರವನ್ನು ಎರಡಾಗಿ ಹರಿಯುತ್ತಿತ್ತು. ಕೊಡಲಿಯ ಪೆಟ್ಟಿಗೆ ಮರ ಬಿರಿಯುವುದನ್ನು ನೋಡಿದ್ದೆ; ಇದು ಹಾಗಲ್ಲ. ಹಲಸಿನ ಕೊರಡು ಕಿರುಚುತ್ತಿತ್ತು. ಹಳದಿ ಚೂರುಗಳು ಹಾರಿ ಬಚ್ಚಲು ಗೋಡೆಯ ಸುಣ್ಣವನ್ನು ಕಿತ್ತು ಬೀಳಿಸುತ್ತಿದ್ದವು.

ಮೊದಲ ದಿನವೇ ಕೊರಡು ಮೊನೆಯ ಜೊತೆ ತಾನೂ ತಿರುಗಿ ಅವರ ತೊಡೆಗೆ ಬಡಿಯಿತು. ನೀಲಿಗಟ್ಟಿದ ಕಾಲನ್ನು ಎಳೆದುಕೊಂಡೇ ಹೋಗಿ, ಕೊರಡು ತಿರುಗದಂತೆ ಅಡಿಗೆ ಕಬ್ಬಿಣದ ಪಟ್ಟಿ ವೆಲ್ಡಿಂಗ್ ಮಾಡಿಸಿದರು. ಭತ್ತ ಬೇಯಿಸಲು ಅತ್ತೆಗೆ ಸೌದೆ ಬೇಕಿತ್ತು. ಆದರೂ ಮಗನಿಗೆ ಹೇಳಿದರು: "ಮಗಾ, ನೀನ್ ಮರಕ್ ಹೊಡದ್ರೆ ಅದ್ ತಿರ್ಗಿ ನಿಂಗ್ ಹೊಡಿತ್ತ್."

ನನ್ನ ಹೆದರಿಕೆ ಗಂಡನ ಕೊರಳಿನದು. ಇಲ್ಲಿನ ಗಂಡಸರು ಹೆಗಲಿನಿಂದ ಇಳಿಸದ ತುಂಡುಬಟ್ಟೆ ಬೈರಾಸು. ಮರದ ಹುಡಿ ಬೆನ್ನಿಗೆ ಇಳಿಯಬಾರದೆಂದು ಅವರು ಅದನ್ನು ಕುತ್ತಿಗೆಗೆ ಗಂಟು ಹಾಕಿಕೊಳ್ಳುತ್ತಿದ್ದರು.

"ಬೈರಾಸ್ ತೆಗ್ದಿಡಿ," ಎಂದೆ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ಮೆಲುದನಿ ನನ್ನದು. ಎರಡೆರಡು ಸಲ ಹೇಳಬೇಕಾಯಿತು.

"ಬೈರಾಸ್ ಇಲ್ದೆ ಕೆಲ್ಸ ಮಾಡುಕೆ ನಾನೆಂತ ಬ್ಯಾಂಕಿಗ್ ಹೋಪವ್ನಾ, ಮಾರಾಯ್ತಿ?"

ಒಂದು ಮಧ್ಯಾಹ್ನ ಹುಣಸೆಯ ಕೊರಡು ಅರ್ಧ ಸೀಳಿ ಸಿಕ್ಕಿಕೊಂಡಿತು. ಅವರು ಬಗ್ಗಿದರು. ಜೋತುಬಿದ್ದ ಬೈರಾಸಿನ ತುದಿಯನ್ನು ಮೊನೆ ಕಚ್ಚಿತು. ಬಟ್ಟೆ ಹುರಿಗೊಂಡು ಹಗ್ಗವಾಯಿತು. ಅವರು ಎರಡೂ ಕೈಯಿಂದ ಮಿಷನ್ನಿನ ಚೌಕಟ್ಟನ್ನು ದೂಡಿ ಹಿಡಿದಿದ್ದರು; ಕೂಗಲು ಉಸಿರಿರಲಿಲ್ಲ. ಕಿವಿಯ ತುದಿ ಕಪ್ಪಾಗುತ್ತಿತ್ತು.

ತೆಂಗಿನ ಗರಿ ಕಡಿಯುತ್ತಿದ್ದ ನನ್ನ ಕೈಯಲ್ಲಿ ಕತ್ತಿ ಇತ್ತು. ಅವರ ಗದ್ದಕ್ಕೂ ಮೊನೆಗೂ ನಡುವೆ ಒಂದು ಗೇಣು ಬಟ್ಟೆ. ಬೀಸಿದೆ. ಏಟು ಕಬ್ಬಿಣಕ್ಕೆ ತಾಗಿ ಕಿಡಿ ಹಾರಿತು. ಮತ್ತೆ ಬೀಸಿದೆ. ಬಟ್ಟೆಯ ಜೊತೆ ಅವರ ಹೆಗಲೂ ಸೀಳಿತು. ಅವರು ಹಿಂದಕ್ಕೆ ಬಿದ್ದರು. ರಕ್ತಕ್ಕೆ ಹುಣಸೆಯ ಹುಡಿ ಮೆತ್ತಿಕೊಂಡಿತು. ಮಿಷನ್ನು ಮಾತ್ರ ತುಂಡು ಬೈರಾಸನ್ನು ಪಟಪಟ ಬಡಿಯುತ್ತಲೇ ಇತ್ತು.

ಹೆಗಲಿನ ಹೊಲಿಗೆ ಬಿಚ್ಚಿದ ದಿನ ನಾನು ಕೇಳಿದ್ದು ಇಷ್ಟೇ: "ಎರಡೂ ಕೈ ಸಿಕ್ಕಿಬಿದ್ರೆ ನಿಲ್ಸುದ್ ಹ್ಯಾಂಗೆ?" ಅವರು ಮಿಷನ್ನಿಗೆ ಒಂದು ಪೆಡಲು ಮಾಡಿದರು. ತುಳಿದಷ್ಟು ಹೊತ್ತು ಬೆಲ್ಟು ಬಿಗಿ. ಕಾಲೆತ್ತಿದರೆ ಬೆಲ್ಟು ಸಡಿಲಗೊಂಡು ಮೊನೆ ನಿಲ್ಲುತ್ತದೆ. ತುಳಿಯುವವಳು ನಾನೇ ಎಂದು ಹಟ ಹಿಡಿದೆ. ಈಗ ಅವರು ಬರಿಮೈಯಲ್ಲಿ ಕೊರಡು ಇಡುತ್ತಾರೆ. ತುಸು ಬಗ್ಗಿದರೂ ನನ್ನ ಕಾಲು ಮೇಲೆ.

"ಹ್ವಾಯ್, ಹೀಂಗ್ ನಿಲ್ಸ್ತಾ ಇದ್ರೆ ಗಂಜಿ ಬೇಯುದ್ ಯಾವಾಗ?" ಬಗ್ಗಿದಲ್ಲಿಂದಲೇ ಗಂಡ ಕೇಳಿದರು.

"ಗಂಜಿ ಇಳೂಕೆ ಕುತ್ಗಿ ಬೇಕಲ್ದಾ?" ಎಂದೆ.

ಅವರು ನೆಟ್ಟಗೆ ನಿಂತರು. ನಾನು ಪೆಡಲು ತುಳಿದೆ.