ತಲೆಯಿಲ್ಲದ ನಾಯಿಗೆ ಭಂಡಾರ

ಹೋದ ವಾರ ನನ್ನ ಮೊಬೈಲಿಗೆ ಭಂಡಾರ, ಅಂದರೆ ದೇವರ ಅರಿಷಿಣ, ಹಚ್ಚಿಸಿಕೊಂಡು ಬಂದೆ. ನಗಬೇಡಿ. ಹೇಳುತ್ತೇನೆ ಕೇಳಿ.

ತಿಮ್ಮಾಪುರದ ಹತ್ತಿರ ಲಗಮವ್ವನ ಮನೆ. ಕುರಿ ಸಾಕುವ ಮನೆತನ, ಬೀರೇಶ್ವರನ ಒಕ್ಕಲು. ಮಗ ಬೀರಪ್ಪ ನನ್ನ ಗೆಳೆಯ, ಮಿಲಿಟರಿಯಲ್ಲಿದ್ದಾನೆ. ಹಿಮದ ಗುಡ್ಡದ ಮೇಲೆ ಡ್ಯೂಟಿ. ರಜೆ ಮುಗಿದಿತ್ತು, ಮರುದಿನ ಹೊರಡಬೇಕು. ಮಾತಾಡಿಸಿ ಬರೋಣ ಅಂತ ಹೋದರೆ, ಲಗಮವ್ವ ಮುಖ ಗಂಟು ಹಾಕಿಕೊಂಡು ಕೂತಿದ್ದಳು.

"ಈ ಸಲ ನಾ ಕಳಸೂದಿಲ್ಲ. ಇವನ ಜೋಡಿದಾರ ಹೊರಿ ಹೊತಗೊಂಡು ಬರ್ಫದಾಗ ಜಾರಿದಾಂವ ಮ್ಯಾಲ ಬರಲೇ ಇಲ್ಲ. ಇವನೂ ಅದ ಹೊರಿ ಹೊರಾಂವ ಹೌದಲ್ಲೋ ತಮ್ಮಾ?"

ಕೇಳಿದ್ದು ನನ್ನನ್ನು. ಬೀರಪ್ಪ ನನ್ನ ಮೊಬೈಲ್ ಇಸಿದುಕೊಂಡು ಒಂದು ವಿಡಿಯೋ ಹಚ್ಚಿದ. "ಯವ್ವಾ, ಇದನ್ನ ನೋಡ ಬೇ."

ಕಬ್ಬಿಣದ ಪ್ರಾಣಿ. ನಾಲ್ಕು ಕಾಲು. ತಲೆಯಿಲ್ಲ, ಬಾಲವಿಲ್ಲ, ಹಗ್ಗ ಹಿಡಿದು ನಡೆಸುವವನೂ ಇಲ್ಲ. ಬೆನ್ನ ತುಂಬ ಸೈನಿಕರ ಸಾಮಾನು. ಮುಂದೆ ಹೋಗುವ ಸೈನಿಕನ ಹಿಂದೆ ತಾನೇ ದಾರಿ ನೋಡಿಕೊಂಡು, ಕಲ್ಲು ದಾಟಿ, ದಿಬ್ಬ ಹತ್ತಿ ನಡೆದಿತ್ತು. (ತಲೆಯೇ ಇಲ್ಲದ್ದು ದಾರಿ ನೋಡುವುದು ಹೇಗೆ? ನನ್ನನ್ನು ಕೇಳಬೇಡಿ. ತಲೆ ಇದ್ದೂ ನಾನು ಬನಹಟ್ಟಿ ಬಜಾರಿನಲ್ಲಿ ದಾರಿ ತಪ್ಪುವವನು.)

ಹಿಮ ಬಂತು. ಕಾಲು ಜಾರಿತು. "ಅಯ್ಯ, ಬಿತ್ತಲ್ಲೋ" ಎಂದು ಲಗಮವ್ವ ಹಿಡಿಯಲು ಕೈ ಚಾಚಿದಳು. ಬೀಳಲಿಲ್ಲ. ನಾಲ್ಕೂ ಕಾಲು ತಡವರಿಸಿ, ಆ ಕಡೆ ಈ ಕಡೆ ವಾಲಿ, ನೆಟ್ಟಗೆ ನಿಂತು ಮತ್ತೆ ನಡೆಯಿತು. ಜೀವವಿಲ್ಲದ್ದಕ್ಕೆ ಇಷ್ಟು ಹಟ ಕಲಿಸಿದವರು ಯಾರಪ್ಪಾ?

"ಇನ್ನೊಮ್ಮೆ ಹಚ್ಚು" ಎಂದಳು ಲಗಮವ್ವ. ನೋಡಿದಳು. "ಬಿದ್ದವರನ್ನೂ ಹೊತ್ತು ತರತೈತೇನೋ?"

"ಮುಂದ ತರಬಹುದು. ಆದ್ರ ಯವ್ವಾ, ಇದು ಪರದೇಶದ್ದು. ಇನ್ನೂ ಪರೀಕ್ಷಾ ನಡದೈತಿ. ನಮ್ಮ ಕಡೆ ಬಂದಿಲ್ಲ."

ಬೀರಪ್ಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಲಗಮವ್ವ ಎದ್ದು ದೇವರ ಜಗುಲಿಯಿಂದ ಭಂಡಾರದ ಬಟ್ಟಲು ತಂದಳು. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಕುರಿಹಿಂಡು ದೂರ ಹೊರಟಾಗ, ಜೊತೆಗೆ ಹೋಗುವ ಮುಧೋಳ ನಾಯಿಯ ಹಣೆಗೆ ಈ ಅರಿಷಿಣದ ಪುಡಿ ಹಚ್ಚಿ ಕಿವಿಯಲ್ಲಿ ಒಂದು ಮಾತು ಹೇಳುತ್ತಾರೆ: ಹೋದವರನ್ನೆಲ್ಲಾ ಕರಕೊಂಡು ಬಾ.

"ಇದಕ್ಕ ಹಣಿ ಎಲ್ಲೈತೋ?"

"ಇಲ್ಲ ಬೇ. ಬೆನ್ನಿಗೆ ಹಚ್ಚು. ಹೊರೂದು ಅದ."

ಹಚ್ಚಿದಳು. ನನ್ನ ಸ್ಕ್ರೀನ್ ಪೂರಾ ಹಳದಿ. ಆಮೇಲೆ ಮೊಬೈಲಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಹೇಳಿದಳು: "ಲಗೂ ಬಾ. ಹೋದವರನ್ನೆಲ್ಲಾ ಕರಕೊಂಡು ಬಾ."

ಬೀರಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ಮರುದಿನ ಲಗಮವ್ವ ತಡೆಯಲಿಲ್ಲ. ಅವನು ತನ್ನ ಹೊರೆ ತಾನೇ ಹೊತ್ತು ಹೋದ.

ನಾನಿನ್ನೂ ಸ್ಕ್ರೀನ್ ಒರೆಸಿಲ್ಲ. ಇಂಥ ಪ್ರಾಣಿಯನ್ನು ಮಾಡಿದ ಮಹಾನುಭಾವರೇ, ನಿಮಗೊಂದು ದೊಡ್ಡ ನಮಸ್ಕಾರ. ಆದರೆ ಹೇಳಿ, ಅದಕ್ಕೆ ಕಿವಿ ಎಲ್ಲಿ ಇಟ್ಟಿದ್ದೀರಿ?