ರೋಲಿನ ಮೊದಲೆರಡು ಕ್ಲಿಕ್ಕು

ಸ್ಟುಡಿಯೋದಣ್ಣನ ಬಲಗೈಯ ಮೂರು ಬೆರಳ ತುದಿಗಳು ಕಂದುಬಣ್ಣಕ್ಕೆ ತಿರುಗಿದ್ದವು. ಬೀಡಿಯಿಂದಲ್ಲ, ಫೋಟೋ ತೊಳೆಯುವ ಔಷಧದಲ್ಲಿ ಅದ್ದಿ ಅದ್ದಿ. ಅವರು ಟೀ ಕೊಟ್ಟರೆ ಲೋಟಕ್ಕೂ ಆ ಹುಳಿವಾಸನೆ ಹತ್ತಿರುತ್ತಿತ್ತು. ಆ ಟೀಯನ್ನು ನಾನು ಎಷ್ಟು ಕುಡಿದಿದ್ದೇನೆಂದರೆ, ನನ್ನನ್ನು ಒಂದು ಗಂಟೆ ಕತ್ತಲಕೋಣೆಯಲ್ಲಿ ನಿಲ್ಲಿಸಿದರೆ ಹೊಟ್ಟೆಯ ಮೇಲೆ ಯಾರದೋ ಮದುವೆಯ ಫೋಟೋ ಮೂಡಬಹುದು.

ಚನ್ನಗಿರಿ ಪೇಟೆಯಲ್ಲಿ ಗೊಬ್ಬರದಂಗಡಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಕೋಣೆಯೇ ಅವರ ಸ್ಟುಡಿಯೋ. ನಾನು ಅಲ್ಲೇ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಸೋದರಮಾವ ತನಗೆ ಬೇಡವಾದ ಹಳೆಯ ಕ್ಯಾಮೆರಾ ಕೊಟ್ಟ ದಿನದಿಂದ ನನ್ನ ಲೆಕ್ಕದಲ್ಲಿ ದೊಡ್ಡ ಫೋಟೋಗ್ರಾಫರ್. ಮೊದಲ ರೋಲು ಹಾಕಿಕೊಂಡು ಸೂಳೆಕೆರೆಗೆ ಹೋದೆ. ಏರಿಯ ಮೇಲೆ ಮಲಗಿ ತೆಗೆದೆ, ನಿಂತು ತೆಗೆದೆ, ಮೀನು ಹಿಡಿಯುವವರ ಹಿಂದೆ ಪ್ಯಾಂಟು ಮಡಚಿ ನೀರಿಗಿಳಿದು ತೆಗೆದೆ. ಲೆನ್ಸಿನ ಮುಚ್ಚಳ ತೆಗೆಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿ ಮಾಡಿದ್ದೆ. ಆ ಕ್ಯಾಮೆರಾದಲ್ಲಿ ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಮುಚ್ಚಳವಿದ್ದರೂ ಕೆರೆಯೆಲ್ಲ ಚೆನ್ನಾಗಿಯೇ ಕಾಣುತ್ತದೆ.

ಸ್ಟುಡಿಯೋದಣ್ಣ ಬೈಯಲಿಲ್ಲ. ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಆ ಕಪ್ಪು ಹಾಳೆಯನ್ನು ನನ್ನ ಕೈಗಿಟ್ಟರು. "ಮೂವತ್ತಾರು ಅಮಾಸೆ ತೆಗ್ದೀಯಪ್ಪ. ಒಂದೊಂದೂ ಭಾಳ ಶಾರ್ಪ್ ಬಂದೈತೆ."

ಇಂಥ ನನಗೆ ಸಾಮಾನುಗಳ ಹುಚ್ಚು ಹಿಡಿಯಿತು. ಫೋಟೋ ಕೆಟ್ಟರೆ ತಪ್ಪು ನನ್ನದಲ್ಲ, ನನ್ನ ಬಳಿ ಇಲ್ಲದ ಸಾಮಾನಿನದು. ಪತ್ರಿಕೆಯ ಜಾಹೀರಾತು ಕತ್ತರಿಸಿಕೊಂಡು ಹೋಗಿ ಅವರ ಮುಂದೆ ಹರಡುತ್ತಿದ್ದೆ: ಹಳದಿ ಫಿಲ್ಟರ್, ಲೆನ್ಸಿಗೆ ನೆರಳು ಕೊಡುವ ಹುಡ್, ಮೂರು ಕಾಲಿನ ಸ್ಟ್ಯಾಂಡು. ಅವರು ಕೌಂಟರಿನ ಕೆಳಗಿನ ತಗಡಿನ ಟ್ರಂಕನ್ನು ಕಾಲಿನಿಂದಲೇ ಮುಂದಕ್ಕೆ ತಳ್ಳುತ್ತಿದ್ದರು. ಅದರ ತುಂಬ ಇಂಥವೇ ಸಾಮಾನುಗಳು.

"ನೋಡು, ಇವೆಲ್ಲ ನಿನ್ನಂಥೋರು ದಾವಣಗೆರೆಯಿಂದ ತಂದು, ಬ್ಯಾಸರಾಗಿ ಇಲ್ಲಿ ಬಿಟ್ಟು ಹೋದವು. ಮೊದ್ಲು ಅದು ಇಲ್ದೆ ಹತ್ತು ಸಲ ಫೋಟೋ ಕೆಡಿಸ್ಕ. ಹನ್ನೊಂದ್ನೇ ಸಲ ಬಾ, ನಾನೇ ಕೊಡಿಸ್ತೀನಿ."

ಅಲ್ಲಿಯವರೆಗೆ ಅವರೇ ಮಾಡಿಕೊಡುತ್ತಿದ್ದರು. ಪೌಡರ್ ಡಬ್ಬಿ ಕತ್ತರಿಸಿ ಒಳಗೆ ಕಪ್ಪು ಬಳಿದರೆ ಹುಡ್ ಆಯಿತು. ಪಕ್ಕದ ಟೈಲರ್ ಹತ್ತಿರ ಹಳೆಯ ಪ್ಯಾಂಟಿನ ಕಾಲು ಹೊಲಿಸಿ, ರಾಗಿ ತುಂಬಿ, "ಇದ್ರ ಮ್ಯಾಲೆ ಕ್ಯಾಮೆರಾ ಕೂರಿಸು, ಭೂಕಂಪ ಆದ್ರೂ ಅಲ್ಲಾಡಲ್ಲ" ಎಂದರು. ಅಲ್ಲಾಡಲಿಲ್ಲ, ನಿಜ. ಎರಡು ತಿಂಗಳಾದ ಮೇಲೆ ನಮ್ಮ ಮನೆಯ ಇಲಿ ನನ್ನ ಸ್ಟ್ಯಾಂಡನ್ನು ತಿಂದುಹಾಕಿತು. ಸ್ಟ್ಯಾಂಡನ್ನು ಇಲಿಗೆ ಊಟಕ್ಕಿಟ್ಟ ಫೋಟೋಗ್ರಾಫರ್ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಹೊಸ ರೋಲನ್ನು ಅವರ ಕೌಂಟರಿನ ಮೇಲೆಯೇ ತುಂಬಿಸಿಕೊಳ್ಳುತ್ತಿದ್ದೆ. ತುಂಬುವಾಗ ಬೆಳಕು ಬಿದ್ದು ಸುಟ್ಟುಹೋದ ತುದಿಯನ್ನು ದಾಟಿಸಲು ಮೊದಲು ಎರಡು ಸಲ ಸುಮ್ಮನೆ ಒತ್ತಬೇಕು. ಅವೆರಡು ವೇಸ್ಟ್. ಬೇರೆಯವರು ಕ್ಯಾಮೆರಾವನ್ನು ನೆಲಕ್ಕೆ ಹಿಡಿದು ಒತ್ತುತ್ತಾರೆ. ನಾನು ಅವರ ಮುಖಕ್ಕೇ ಹಿಡಿದು, "ಅಣ್ಣಾ, ಸ್ಮೈಲ್!" ಎಂದು ಎರಡು ಸಲ ಟಕ್ ಟಕ್ ಅನ್ನಿಸುತ್ತಿದ್ದೆ.

"ಏನಲೇ, ವೇಸ್ಟ್ ಮಾಡಾಕೆ ನನ್ನ ಮುಖಾನೇ ಬೇಕೇನು ನಿಂಗೆ?" ಎಂದು ಒರೆಸುವ ಬಟ್ಟೆ ಎಸೆಯುತ್ತಿದ್ದರು. ಪ್ರತಿ ರೋಲಿಗೂ ಇದೇ ಆಟ.

ಕೊನೆಗೂ ಒಂದು ಸಲ ಅವರಿಗೆ ಹೇಳದೆ ದಾವಣಗೆರೆಗೆ ಹೋಗಿ ಅಗ್ಗದ ಸ್ಟ್ಯಾಂಡೊಂದನ್ನು ತಂದೆ. ಮಾರನೆಯ ದಿನವೇ ಕೆರೆಬಿಳಚಿಯಿಂದ ಅವರಿಗೆ ಕರೆ ಬಂತು, ಒಂದು ಮನೆಯ ಹಿರಿಯರು ತೀರಿಕೊಂಡಿದ್ದರು. ನಮ್ಮ ಕಡೆ ಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಕೊನೆಯ ಫೋಟೋ ತೆಗೆಸುತ್ತಾರೆ. ನಾನೂ ಜೊತೆಗೆ ಹೋದೆ. "ಅಣ್ಣಾ, ನನ್ನ ಸ್ಟ್ಯಾಂಡ್ ಮೇಲಿಡ್ರಿ" ಎಂದು ಒತ್ತಾಯಿಸಿ ಅವರ ಕ್ಯಾಮೆರಾವನ್ನು ಅದರ ಮೇಲೆ ಕೂರಿಸಿದೆ. ಹಿರಿಯರ ಹತ್ತಿರಕ್ಕೆ ಒಯ್ದು ನಿಲ್ಲಿಸಿದ್ದೇ ತಡ, ಮುಂದಿನ ಕಾಲು ಮಡಚಿಕೊಂಡು, ಕ್ಯಾಮೆರಾ ನೇರವಾಗಿ ಹೋದವರ ಮಡಿಲಿಗೇ ಬಿತ್ತು.

ಅಳು ನಿಂತುಹೋಯಿತು. ಹಿರಿಯ ಮಗ ನನ್ನ ಕಡೆ ಒಂದು ಹೆಜ್ಜೆ ಮುಂದೆ ಬಂದ. ಆ ಮನೆಯಲ್ಲಿ ಆ ದಿನ ಎರಡನೆಯ ಹೆಣ ನನ್ನದೇ ಎಂದುಕೊಂಡೆ.

ಸ್ಟುಡಿಯೋದಣ್ಣ ನನಗಿಂತ ಮೊದಲು ಹೋಗಿ ಆ ಮಡಿಲ ಮುಂದೆ ಕೂತರು. ಎರಡೂ ಕೈ ಮುಗಿದು, ಎಲ್ಲರಿಗೂ ಕೇಳುವಂತೆ, "ಯಜಮಾನ್ರು ಹಿಡ್ಕೊಂಡ್ರು ನೋಡ್ರಿ. ಬಡವನ ಕ್ಯಾಮೆರಾ, ಕೆಳಕ್ಕೆ ಬೀಳಾಕೆ ಬಿಡ್ಲಿಲ್ಲ" ಎಂದರು.

"ಬದುಕಿದ್ದಾಗ್ಲೂ ಹಂಗೇ ಇದ್ರಪ್ಪ" ಎಂದು ಆ ಮನೆಯ ಅಜ್ಜಿ ಮತ್ತೆ ಅಳತೊಡಗಿದಳು. ಮಗ ಹಿಂದಕ್ಕೆ ಸರಿದ. ನನಗೆ ಸಿಕ್ಕ ಶಿಕ್ಷೆ ಒಂದೇ: ಒಂದು ಬಿಳಿ ಪಂಚೆಯನ್ನು ಅಗಲವಾಗಿ ಹಿಡಿದು, ಬಾಗಿಲ ಬೆಳಕನ್ನು ಆ ಮುಖದ ಕಡೆ ತಿರುಗಿಸಿ, ಉಸಿರೆತ್ತದೆ ನಿಲ್ಲುವುದು. ಆ ಫೋಟೋ ಚೆನ್ನಾಗಿ ಬಂತು.

ಅಂಥ ಫೋಟೋಗಳ ಮುಖ್ಯ ಕೆಲಸ ಆಮೇಲೆ ಇರುತ್ತಿತ್ತು. ಗೋಡೆಗೆ ಹಾಕಲು ಮುಖವನ್ನು ದೊಡ್ಡದು ಮಾಡುವಾಗ, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಪೆನ್ಸಿಲಿನಿಂದ ಕಣ್ಣು ಬರೆದು ತೆರೆಸಬೇಕು. ಅಣ್ಣ ಕತ್ತಲಕೋಣೆಯ ಪರದೆಯ ಪಕ್ಕದ ಮೇಜಿನಲ್ಲಿ ಗಂಟೆಗಟ್ಟಲೆ ಬಗ್ಗಿ ಕೂತಿರುತ್ತಿದ್ದರು. ಒಮ್ಮೆ ಹಾಗೆ ಕೂತವರು ಬಹಳ ಹೊತ್ತು ಕೆಮ್ಮಿ, ಪೆನ್ಸಿಲ್ ಕೆಳಗಿಟ್ಟು ಹೇಳಿದರು:

"ಲೇ, ನಂದೊಂದು ತೆಗ್ದು ಕೊಡು. ನಮ್ಮನೇಲಿ ನಂದು ಅಂತ ಒಂದೂ ಇಲ್ಲ. ಕಣ್ಣು ಬಿಟ್ಕೊಂಡಿರೋದು ಬೇಕು. ನಾನು ಹೋದ್ಮೇಲೆ ಮತ್ಯಾರೋ ಕೂತ್ಕೊಂಡು ನಂಗೆ ಕಣ್ಣು ಬರೆಯೋದು ಬ್ಯಾಡ."

ನಾನು ನಕ್ಕೆ. "ತೆಗೀತೀನಣ್ಣ. ಆದ್ರೆ ಹಂಗೆ ಹಿಂಗೆ ಅಲ್ಲ. ಈ ಮೇಜಿನತ್ರಾನೇ, ಪೆನ್ಸಿಲ್ ಹಿಡ್ಕೊಂಡಿರೋದು. ಇಲ್ಲಿ ಕತ್ತಲೆ, ಫ್ಲಾಷ್ ಬೇಕು. ಫ್ಲಾಷ್ ತರ್ತೀನಿ ಇರ್ರಿ."

"ಬಾಗಿಲಿಗೆ ಬರ್ತೀನಿ. ಪಂಚೆ ಐತೆ, ಬಿಸಿಲೈತೆ. ಸಾಕಲ್ಲ?"

"ನಿಮಗೆ ಅಷ್ಟು ಚೀಪಾಗಿ ತೆಗಿಯಾಕಾಗುತ್ತಾ?"

ದಾವಣಗೆರೆಯ ಅಂಗಡಿಯವನು ಫ್ಲಾಷ್ ಮುಂದಿನ ವಾರ ಬರುತ್ತದೆ ಎಂದ. ಮುಂದಿನ ವಾರ ಬಂದದ್ದು ನನಗೆ ಹಿಡಿಸಲಿಲ್ಲ, ಬೆಳಕನ್ನು ಮೇಲಕ್ಕೆ ತಿರುಗಿಸುವಂಥದ್ದು ಬೇಕಿತ್ತು. ನಾನು ಇಂಥ ತಜ್ಞ! ಹಾಗೆ ಮೂರು ತಿಂಗಳಾಯಿತು. ಅಣ್ಣ ತೆಳ್ಳಗಾಗುತ್ತಾ ಬಂದರು, ಕುತ್ತಿಗೆಯ ಸುತ್ತ ಕಾಲರ್ ಸಡಿಲವಾಯಿತು. ನಡುನಡುವೆ ಅವರೇ ಕೇಳುತ್ತಿದ್ದರು: "ಇವತ್ತು ಬಿಸ್ಲು ಚೆನ್ನಾಗೈತೆ, ಕೂತ್ಕೊಳ್ಳಲೇನಲೇ?" ನಾನು, "ಬ್ಯಾಡಣ್ಣ, ಇನ್ನೆಂಟು ದಿನ" ಎನ್ನುತ್ತಿದ್ದೆ. ಯಾವ ಸಾಮಾನೂ ಇಲ್ಲದೆ ತೆಗೆಯಲು ನನಗೆ ಕಲಿಸಿದವರಿಗೇ ನಾನು ಸಾಮಾನಿಗಾಗಿ ಕಾಯಲು ಹೇಳುತ್ತಿದ್ದೆ.

ಫ್ಲಾಷಿನ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಯ ಬಸ್ಸಿನಿಂದ ಇಳಿದ ದಿನ, ಸ್ಟುಡಿಯೋದ ಬಾಗಿಲು ಮುಚ್ಚಿತ್ತು. ಪಕ್ಕದ ಟೈಲರ್ ಟೇಪನ್ನು ಕುತ್ತಿಗೆಯಿಂದ ತೆಗೆದು ಕೈಗೆ ಸುತ್ತಿಕೊಳ್ಳುತ್ತಾ ಹೊರಗೆ ಬಂದರು. "ಬೆಳಿಗ್ಗೆ ಹೋಗಿಬಿಟ್ರಪ್ಪ. ಮನೇಲಿ ಕೂರಿಸ್ಯಾರೆ. ಫೋಟೋ ತೆಗಿಯಾಕೆ ನಿನ್ನನ್ನೇ ಕರೀತಾ ಅದಾರೆ."

ಡಬ್ಬಿ ಬಿಚ್ಚಲಿಲ್ಲ. ಕೆಲಸವಿಲ್ಲದವನಂತೆ ಅದು ಅಣ್ಣನ ಮನೆಯ ಜಗಲಿಯ ಮೂಲೆಯಲ್ಲಿ ಕೂತಿತ್ತು. ಟೈಲರ್ ಪಂಚೆ ಹಿಡಿದರು. ಬಾಗಿಲ ಬೆಳಕು ಅಣ್ಣನ ಮುಖದ ಮೇಲೆ ಮೆತ್ತಗೆ ಬಿತ್ತು. ಮುಚ್ಚಳ ತೆಗೆದಿದ್ದೇನೆಯೇ ಎಂದು ನಾಲ್ಕು ಸಲ ನೋಡಿಕೊಂಡೆ.

ಹನ್ನೊಂದನೆಯ ದಿನ ಕಳೆದ ಮೇಲೆ ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುವವರು, ನನ್ನನ್ನು ಕರೆಸಿದರು. "ದೊಡ್ಡದು ಮಾಡಿ ಕಣ್ಣು ತೆರೆಸಿ ಕೊಡಪ್ಪ. ಊರಿಗೆಲ್ಲ ಅವ್ರು ತೆರೆಸ್ತಿದ್ರು. ಅವ್ರಿಗೆ ತೆರೆಸೋರು ಯಾರದಾರೆ?"

ಬೇರೆಯವರು ಕಣ್ಣು ಬರೆಯುವುದು ಬೇಡ ಎಂದಿದ್ದರಲ್ಲ, ಅದನ್ನು ಆಕೆಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ, ಮತ್ತೆ ನೀನ್ಯಾಕೆ ಮೊದಲೇ ತೆಗೆಯಲಿಲ್ಲ ಎಂದು ಕೇಳುತ್ತಿದ್ದರು. ಅವರದೇ ಮೇಜಿನಲ್ಲಿ, ಅವರದೇ ಪೆನ್ಸಿಲ್ ಹಿಡಿದು ಕೂತೆ. ಮೊದಲನೆಯ ಪ್ರಿಂಟಿನಲ್ಲಿ ಅಣ್ಣ ಬೆಚ್ಚಿಬಿದ್ದವರಂತೆ ಆದರು. ಎರಡನೆಯದರಲ್ಲಿ ಮೆಳ್ಳಗಣ್ಣು. ಮೂರನೆಯದರಲ್ಲಿ ಯಾರೋ ಕೋಪಿಷ್ಠ ಹೆಡ್‌ಮಾಸ್ಟರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ನಾನು ನಗಬೇಕಿತ್ತು. ಮೇಜಿನ ಮೇಲೆ ತಲೆಯಿಟ್ಟುಬಿಟ್ಟೆ.

ಬೇರೇನಾದರೂ ಸಿಗುತ್ತದೆಯೇ ಎಂದು ನನ್ನ ಹಳೆಯ ನೆಗೆಟಿವ್‌ಗಳ ಕವರುಗಳನ್ನು ಬಿಚ್ಚಿದೆ. ರೋಲಿನ ಸುಟ್ಟ ತುದಿಯನ್ನು ಅಣ್ಣ ಎಲ್ಲರದನ್ನೂ ಕತ್ತರಿಸಿ ಎಸೆಯುತ್ತಿದ್ದರು, ನಾನೇ ಎಷ್ಟೋ ಸಲ ಕಂಡಿದ್ದೆ. ನನ್ನ ಕವರುಗಳಲ್ಲಿ ಮಾತ್ರ ಒಂದೊಂದರಲ್ಲೂ ಆ ತುದಿ ಹಾಗೇ ಇತ್ತು. ನಾನು ಒಂದು ದಿನವೂ ಅದರ ಕಡೆ ಕಣ್ಣು ಹಾಯಿಸಿರಲಿಲ್ಲ. ಕಿಟಕಿಗೆ ಹಿಡಿದೆ. ಅಣ್ಣ ಇದ್ದರು. ಬಟ್ಟೆ ಎಸೆಯಲು ಎತ್ತಿದ ಕೈ, ಬೈಯಲು ತೆರೆದ ಬಾಯಿ, ಕೆಲವದರಲ್ಲಿ ಬರೀ ಕಿವಿ. ಎಲ್ಲವೂ ಅರ್ಧಂಬರ್ಧ. ಒಂದರಲ್ಲಿ ಮಾತ್ರ ಮುಖದ ಅರ್ಧ ಚೆನ್ನಾಗಿ ಉಳಿದಿತ್ತು. ನಗುತ್ತಿದ್ದರು. ಇನ್ನರ್ಧ ಸುಟ್ಟುಹೋಗಿತ್ತು.

ಅದನ್ನು ಪ್ರಿಂಟ್ ಹಾಕಿ, ಪೆನ್ಸಿಲನ್ನೂ ಜೇಬಿನಲ್ಲಿಟ್ಟುಕೊಂಡು ಹೋದೆ. "ಅಕ್ಕಾ, ಅರ್ಧ ಬೆಳ್ಳಗಾಗೈತೆ. ಬೇಕಂದ್ರೆ ಆ ಕಡೆ ಬರೆದು ಕೊಡ್ತೀನಿ" ಎಂದೆ.

ಆಕೆ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸುಟ್ಟ ಭಾಗವನ್ನು ಸೆರಗಿನಿಂದ ಒಮ್ಮೆ ಒರೆಸಿದರು, ಅದು ಹೋಗಲಿಲ್ಲ.

"ಏನೂ ಬರೀಬ್ಯಾಡಪ್ಪ" ಎಂದರು. "ಒಂದೇ ಆದ್ರೂ, ಇದು ಅವ್ರದೇ ಕಣ್ಣು."